ರೇಡಾರಿನ ಮುಂದೆ ಚಳಿ ಕಾಯಿಸಿದವರು

ಗಲ್ಲ ಇಲ್ಲಿಡಿ ಎನ್ನುವಷ್ಟರಲ್ಲಿ ಕಂಡಿತು ಆ ಮಚ್ಚೆ, ಎಡಗಿವಿಯ ಕೆಳಗೆ, ಮೆಣಸಿನ ಕಾಳಿನಷ್ಟು — ಅವನೇ, ಸೈನ್ಯದ ಪ್ರಯೋಗಾಲಯದ ಡಾಕ್ಟರು, ಗಂಡನ ಕಾಗದಕ್ಕೆ ಸಹಿ ಹಾಕಿದ ದಿನ ಎದುರಿಗೆ ಕಂಡು ಇಪ್ಪತ್ತಾರು ವರ್ಷ ಅವಳು ಶಾಪ ಹಾಕುತ್ತ ಬಂದ ಮುಖ ಈಗ ತಾನಾಗಿ ಬಂದು ಅವಳ ಯಂತ್ರದ ಮೇಲೆ ಗಲ್ಲ ಊರಿದೆ, ಎರಡು ಕಣ್ಣಲ್ಲೂ ಪೊರೆ, ಗಂಡನಿಗೆ ಬಂದಂಥದೇ, ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು, ಮಾಡಿದ್ದುಣ್ಣೋ ಮಾರಾಯ, ಕಣ್ಣಾಸ್ಪತ್ರೆಯ ಈ ಕತ್ತಲೆ ಕೋಣೆಯಲ್ಲಿ ಅವಳು ಬರೀ ಪರೀಕ್ಷೆ ಮಾಡುವವಳು, ಆದರೆ ಫಾರಮ್ಮಿನಲ್ಲಿ ಕಾರಣ ಎಂಬಲ್ಲಿ ತುಂಬುವವಳೂ ಅವಳೇ, ದೊಡ್ಡ ಡಾಕ್ಟರು ಓದದೇ ಸಹಿ ಹಾಕುತ್ತಾರೆ — ಗಂಡ ಆಗ ಸೈನ್ಯದಲ್ಲಿ ರೇಡಾರ್ ಮೆಕ್ಯಾನಿಕ್, ಗುಡ್ಡದ ಮೇಲಿನ ಠಾಣೆ, ಬೆರಳು ಸೆಟೆದು ಸ್ಕ್ರೂ ಹಿಡಿಯಲಾಗದ ಚಳಿ, ಎಲ್ಲರೂ ಆಂಟೆನಾ ಮುಂದೆ ನಿಂತು ಎರಡೂ ಅಂಗೈ ಚಾಚುತ್ತಿದ್ದರಂತೆ, ರೇಡಾರಿನ ಅಲೆಗೆ ಮೈ ಬಿಸಿಯೇರುತ್ತಿತ್ತಂತೆ, ಬೆಂಕಿಯಿಲ್ಲ ಹೊಗೆಯಿಲ್ಲ, ಪುಕ್ಕಟೆ ಒಲೆ ಕಣೇ ಎಂದು ರಜೆಗೆ ಬಂದಾಗ ನಗುತ್ತಿದ್ದ, ಡಾಕ್ಟರು ಕುರ್ಚಿ ಹಾಕಿಕೊಂಡು ಕೂರುತ್ತಿದ್ದನಂತೆ, ಕಾಯಿಸ್ಕೊಳ್ರಪ್ಪಾ, ಏನೂ ಆಗಲ್ಲ, ಗಡಿಯಾರ ನೋಡಿ ಪುಸ್ತಕದಲ್ಲಿ ನಿಮಿಷ ಬರೆದುಕೊಳ್ಳುತ್ತಿದ್ದ, ಎಷ್ಟು ಹೊತ್ತಿಗೆ ಮನುಷ್ಯನ ಕಣ್ಣು ಕೆಡುತ್ತದೆಂದು ಸೈನ್ಯಕ್ಕೆ ತಿಳಿಯಬೇಕಿತ್ತು, ಅದೇ ಅಲೆಗೆ ಒಡ್ಡಿದ ಅವನ ಬೋನಿನ ಮೊಲಗಳ ಕಣ್ಣು ಆಗಲೇ ಬೆಳ್ಳಗಾಗಿತ್ತು, ಗೊತ್ತಿತ್ತು ಮುಂಡೇದಕ್ಕೆ, ಗೊತ್ತಿದ್ದೂ ಕಣ್ಣು ಕೆಟ್ಟ ಗಂಡನ ಕಾಗದದಲ್ಲಿ ಬರೆದ, ಕಾರಣ: ವಯಸ್ಸು, ಮೂವತ್ತನಾಲ್ಕಕ್ಕೆ ವಯಸ್ಸಂತೆ! ಸೈನ್ಯ ಕೈ ತೊಳೆದುಕೊಂಡಿತು, ಇವರು ಹೇಗೋ ಪೊರೆ ತೆಗೆಸುವಷ್ಟರಲ್ಲಿ ಕಣ್ಣೊಳಗಿನ ಪರದೆಯೂ ಹೋಗಿತ್ತು, ದೃಷ್ಟಿ ಮರಳಲೇ ಇಲ್ಲ — ಕೇಳಿಸ್ತಾ ಅಮ್ಮಾ, ಯಂತ್ರದಿಂದ ಗಲ್ಲ ಎತ್ತದೆಯೇ ಮುದುಕ ಮಾತಾಡುತ್ತಿದ್ದಾನೆ, ಇದು ವಯಸ್ಸಿಂದಲ್ಲ, ರೇಡಾರಿಂದ ಬಂದಿದ್ದು, ನಾನೂ ಅಲ್ಲೇ ಕೂತಿದ್ನಲ್ಲ, ಹನ್ನೊಂದು ಜನ ಕೆಟ್ಟೋದ್ರು, ಆ ಪುಸ್ತಕ ಇನ್ನೂ ನನ್ನ ಹತ್ರಾನೇ ಇದೆ, ನೀನು ಹಾಗಂತ ಬರೆದ್ರೆ ಅದನ್ನ ಪರಿಹಾರ ಮಂಡಳಿ ಮುಂದೆ ಇಡ್ತೀನಿ, ಎಲ್ರಿಗೂ ಸಿಗುತ್ತೆ, ನಂಗೂ, ಇಲ್ಲದಿದ್ರೆ ಆ ಪುಸ್ತಕ ನಂಗೇ ಉರುಳು, ಸುಟ್ಟಾಕೋದೇ ಸೈ — ಆ ಹನ್ನೊಂದರಲ್ಲಿ ಒಬ್ಬ, ಅವಳ ಗಂಡ, ಮನೆಯಲ್ಲಿ ಗೋಡೆ ಸವರಿಕೊಂಡು ಓಡಾಡುತ್ತಾನೆ, ಸೈನ್ಯದವರು ತಪ್ಪು ಒಪ್ಕೊಂಡ್ರೆ ಸಾಕು ಕಣೇ, ನಂಗೆ ಬೇರೇನೂ ಬೇಡ, ದಿನಾ ಇದೇ ಮಾತು, ಬರೆದರೆ ಗಂಡನಿಗೆ ನ್ಯಾಯ, ಈ ಮುದುಕನಿಗೂ ನ್ಯಾಯ, ಇವನಿಗೂ! ಥೂ, ಒಂದೇ ಪಂಕ್ತಿಯಲ್ಲಿ ಇಬ್ಬರಿಗೂ ಬಡಿಸಬೇಕೇ, ಪೆನ್ನು ನಿಂತಿತು, ಅಲುಗಿತು, ಬರೆದೇಬಿಟ್ಟಿತು, ವಯಸ್ಸು, ದುಂಡಗೆ, ಒಂದು ಚುಕ್ಕೆಯನ್ನೂ ಇಟ್ಟು, ಏನು ಬರೆದೆಮ್ಮಾ, ರೇಡಾರ್ ಅಂತ ಬರೆದಿದೀನಿ ಸಾರ್, ಎಷ್ಟು ಸಲೀಸಾಗಿ ಬಂತು ಸುಳ್ಳು, ತೀರಿತು, ಗೆದ್ದೆ, ಇನ್ನು ಮನೆಗೆ ಹೋಗಿ ಗಂಡನಿಗೆ ಹೇಳಬೇಕು, ಏನಂತ, ಡಾಕ್ಟರು ಒಪ್ಪಿಕೊಂಡ, ನಾನೇ ಸುಡಿಸಿದೆ ಅಂತಲೇ, ಹನ್ನೊಂದು ಜನರ ಪುಸ್ತಕವನ್ನು — ಒಳ್ಳೇದಾಗ್ಲಿ ತಾಯಿ, ಮುದುಕ ಎದ್ದು ಕಾಣದ ಕಣ್ಣಲ್ಲಿ ಅವಳನ್ನು ಹುಡುಕುತ್ತ, ಎರಡೂ ಅಂಗೈ ಮುಂದೆ ಚಾಚಿದ್ದಾನೆ, ಹಾಗೇ, ಆಂಟೆನಾ ಮುಂದೆ ಗಂಡ ಚಾಚಿದ ಹಾಗೇ, ಎರಡು ಅಂಗೈ.