ನಾಲ್ವರು ಕೂರಬಹುದಾದ ಬೆಂಚು

ನಾನೊಂದು ಬೆಂಚು. ತೇಗದ ಹಲಗೆ, ಎರಕದ ಕಬ್ಬಿಣದ ಕಾಲು. ಬ್ರಿಟಿಷರ ದಂಡು ಇದ್ದ ಊರಿನಲ್ಲಿ ನನ್ನನ್ನು ಮಾಡಿದವರು ಕಾಳಾಚಾರಿ. ಕೆಲಸ ಮುಗಿದ ಮೇಲೆ ಅವರೇ ನನ್ನ ಮೇಲೆ ಕೂತು, ಹಿಂದೆ ಮುಂದೆ ವಾಲಿ ನೋಡಿದರು. "ನಾಲ್ಕು ಜನ ಆರಾಮಾಗಿ ಕೂರಬಹುದು," ಎಂದರು. ಆಮೇಲೆ ಮೇಸ್ತ್ರಿ ಒಂದು ತಗಡು ತಂದುಕೊಟ್ಟ. ಇಂಗ್ಲಿಷ್ ಬಾರದ ಆಚಾರಿ ಅದನ್ನು ಒಂದಿಷ್ಟೂ ಓರೆಯಾಗದಂತೆ ನನ್ನ ಬೆನ್ನಿಗೆ ಜಡಿದರು. ಯುರೋಪಿಯನ್ನರಿಗೆ ಮಾತ್ರ ಎಂದು ಅದರಲ್ಲಿ ಬರೆದಿತ್ತು. ಅವರು ಮತ್ತೆಂದೂ ನನ್ನ ಮೇಲೆ ಕೂರಲಿಲ್ಲ.

ನನ್ನನ್ನು ಇಟ್ಟ ಪಾರ್ಕಿಗೂ ಅದೇ ನಿಯಮ. ಕೆಲಸದ ಮಾಲಿಗಳನ್ನು ಬಿಟ್ಟರೆ, ಬಿಳಿಯರ ಮಗುವಿನ ಕೈ ಹಿಡಿದು ಬರುವ ಆಯಾಗಳಿಗೆ ಮಾತ್ರ ಒಳಗೆ ಬರಲು ಬಿಡುತ್ತಿದ್ದರು. ಮಗು ನನ್ನ ಮೇಲೆ, ಆಯಾ ಹುಲ್ಲಿನ ಮೇಲೆ. ಕೈ ಖಾಲಿಯಿದ್ದರೆ ಕಾವಲುಗಾರ ಹೊಂಬಯ್ಯ ಗೇಟಿನಲ್ಲೇ ತಡೆಯುತ್ತಿದ್ದ.

ಲೂರ್ದಮ್ಮ ಡಾಲಿ ಎಂಬ ಮಗುವಿನ ಆಯಾ. ಅವಳ ಸ್ವಂತ ಮಗಳು ಸೆಲೀನಾಗೂ ಡಾಲಿಯಷ್ಟೇ ವಯಸ್ಸು. ಅಮ್ಮ ಹೊರಗೆ ಬರುವವರೆಗೆ ಅವಳು ಕಂಬಿಬೇಲಿ ಹಿಡಿದು ನಿಂತಿರುತ್ತಿದ್ದಳು.

"ಅಮ್ಮಾ, ಆ ಬೆಂಚು ಮೆತ್ತಗಿದೆಯಾ?"

"ಮರ ಕಣೇ. ಮೆತ್ತಗೆಲ್ಲಿರುತ್ತೆ?"

"ನೀನು ಕೂತೇ ಇಲ್ವಲ್ಲ, ನಿಂಗೆ ಹೇಗೆ ಗೊತ್ತು?"

ಆ ಮಾತು ಲೂರ್ದಮ್ಮನನ್ನು ಬಿಡಲಿಲ್ಲ.

ಬೇಸಿಗೆಯಲ್ಲಿ ಡಾಲಿಯ ಮನೆಯವರು ಊಟಿಗೆ ಹೋದರು. ಡಾಲಿಗೆ ಗಿಡ್ಡವಾಗಿದ್ದ ಫ್ರಾಕನ್ನು ಲೂರ್ದಮ್ಮ ಮಗಳಿಗೆ ತೊಡಿಸಿದಳು. ಮುಖ ಮುಚ್ಚುವಂಥ ಅಗಲವಾದ ಹ್ಯಾಟು ಇಟ್ಟಳು. ಕೈ ಹಿಡಿದು ಗೇಟಿಗೆ ಬಂದಳು.

ಹೊಂಬಯ್ಯ ಬಗ್ಗಿ ಹ್ಯಾಟಿನ ಕೆಳಗೆ ನೋಡಿದ. "ಏನಮ್ಮಾ, ನಿಮ್ಮ ಡಾಲಿ ಬಿಸಿಲಿಗೆ ಇಷ್ಟೊಂದು ಕಪ್ಪಗಾಗ್ಬಿಟ್ಟಿದ್ದಾಳೆ?"

"ಬೇಸಿಗೆ ಅಲ್ವಾ ಅಣ್ಣಾ..."

"ಬೇಗ ಬಂದ್ಬಿಡು. ನಾನು ನೋಡಿಲ್ಲ."

ಸೆಲೀನಾ ನನ್ನ ಮೇಲೆ ಕೂತಳು. ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಅಂಗೈಯಿಂದ ನನ್ನ ಹಲಗೆ ಸವರಿದಳು. ಪಕ್ಕದ ಜಾಗ ತಟ್ಟಿ ಅಮ್ಮನನ್ನು ಕರೆದಳು. ಲೂರ್ದಮ್ಮ ಅಭ್ಯಾಸದಂತೆ ಹುಲ್ಲಿನ ಮೇಲೆಯೇ ಕೂತಳು.

ಹಿಂದಿನಿಂದ ಬಂದ ಒಬ್ಬ ದೊರೆಸಾನಿ ಮಗುವನ್ನು ಮಾತಾಡಿಸಲು ಹ್ಯಾಟನ್ನು ಮೇಲೆತ್ತಿದಳು. ಥಟ್ಟನೆ ಕೈ ಹಿಂದಕ್ಕೆಳೆದುಕೊಂಡು, ಯಾರ ಮಗು ಇದು ಎಂದು ಕೂಗಿದಳು.

ಲೂರ್ದಮ್ಮ ಎದ್ದು ನಿಂತಳು. ಕೆಲಸ ಹೋದರೆ ಬಂಗಲೆಯ ಹಿತ್ತಲಿನ ಕೋಣೆಯೂ ಹೋಗುತ್ತಿತ್ತು. ಗಂಡ ತೀರಿಕೊಂಡ ಮೇಲೆ ತಾಯಿ ಮಗಳಿಗೆ ಇದ್ದದ್ದು ಅದೊಂದೇ ಸೂರು.

"ಗೊತ್ತಿಲ್ಲ ಮೇಡಂ," ಎಂದಳು. "ಯಾವುದೋ ಬೀದಿ ಮಗು."

ಸೆಲೀನಾ ಅಳಲಿಲ್ಲ. ಅಮ್ಮನನ್ನು ನೋಡಿದಳು, ಅಷ್ಟೆ. ಹೊಂಬಯ್ಯ ದೊರೆಸಾನಿಗೆ ಕೇಳುವಂತೆ ಗದರುತ್ತ, ಮಗುವಿನ ತೋಳನ್ನು ಮೆಲ್ಲಗೆ ಹಿಡಿದು ಹೊರಗೆ ಕರೆದೊಯ್ದ. ಹ್ಯಾಟು ನನ್ನ ಮೇಲೆಯೇ ಉಳಿಯಿತು.

ಮುಂದೆ ಸೆಲೀನಾ ಕಂಬಿಬೇಲಿಯ ಹತ್ತಿರ ಬರಲೇ ಇಲ್ಲ.

ವರ್ಷಗಳು ಕಳೆದವು. ಬಿಳಿಯರು ಹೋದರು. ಯಾರೋ ಬಂದು ತಗಡು ಕಿತ್ತರು. ಮೊಳೆಯ ತೂತುಗಳು ಉಳಿದವು. ಒಂದು ಸಂಜೆ ಲೂರ್ದಮ್ಮ ಬಂದಳು, ಕೂದಲು ನರೆತಿತ್ತು. ಜೊತೆಗೆ ಸೆಲೀನಾ. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಳು, ಬಿಳಿ ಸೀರೆ ಉಟ್ಟಿದ್ದಳು. ಗೇಟು ದಾಟುವಾಗ ಲೂರ್ದಮ್ಮನ ಬಲಗೈ, ಮಗುವಿನ ಕೈ ಹಿಡಿದಂತೆ, ಬೆರಳು ಮಡಿಸಿ ತುಸು ಕೆಳಗೆ ಚಾಚಿತ್ತು.

"ಕೈ ಬೀಸ್ಕೊಂಡೇ ಬಾಮ್ಮ," ಎಂದ ಮುದುಕನಾಗಿದ್ದ ಹೊಂಬಯ್ಯ. "ಈಗ ಯಾರೂ ಕೇಳಲ್ಲ."

ನನ್ನೆದುರು ನಿಂತು ಲೂರ್ದಮ್ಮ ಸೆರಗಿನಿಂದ ಹಲಗೆ ಒರೆಸಿದಳು. "ಕೂತ್ಕೋ, ಸೆಲೀನಾ."

"ಯಾರ ಮಗಳು ಅಂತ ಯಾರಾದ್ರೂ ಕೇಳಿದ್ರೆ?"

"ನನ್ನ ಮಗಳು ಅಂತೀನಿ."

ಸೆಲೀನಾ ಸುತ್ತ ನೋಡಿದಳು. ಮಕ್ಕಳು ಓಡಾಡುತ್ತಿದ್ದವು. ಯಾರೋ ಕಡಲೆಕಾಯಿ ಸುಲಿಯುತ್ತಿದ್ದರು.

"ಈಗ ಯಾರು ಕೇಳ್ತಾರಮ್ಮ?" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ನೀನು ಕೂತು ಬಾ. ನಾನು ಆಚೆ ಇರ್ತೀನಿ."

ಅವಳು ಹೋಗಿ ಕಂಬಿಬೇಲಿಯ ಆಚೆ ನಿಂತಳು. ಲೂರ್ದಮ್ಮ ಜೀವನದಲ್ಲಿ ಮೊದಲ ಸಲ ನನ್ನ ಮೇಲೆ ಕೂತಳು, ತೀರ ಅಂಚಿನಲ್ಲಿ. ಪಕ್ಕದ ಜಾಗದ ಮೇಲೆ ಅಂಗೈಯಿಟ್ಟು ಬೇಲಿಯ ಕಡೆ ನೋಡುತ್ತಿದ್ದಳು. ಮಗಳು ಬೇರೆ ಕಡೆ ನೋಡುತ್ತಿದ್ದಳು. ಸ್ವಲ್ಪ ಹೊತ್ತಿನ ಮೇಲೆ ಅಮ್ಮ ಎದ್ದು ಹೋದಳು.

ಈಗ ನಾನು ಮಾಲಿಗಳ ಷೆಡ್ಡಿನ ಹಿಂದಿದ್ದೇನೆ. ಒಂದು ಕಾಲು ಮುರಿದಿದೆ. ನನ್ನ ಮೇಲೆ ಒಡೆದ ಕುಂಡಗಳನ್ನು ಪೇರಿಸಿದ್ದಾರೆ. ಕಾಳಾಚಾರಿ ಹೇಳಿದ್ದು ಸರಿಯಾಗಿಯೇ ಇತ್ತು. ನಾಲ್ಕು ಜನಕ್ಕೆ ಜಾಗವಿತ್ತು. ಆವತ್ತೂ ಇತ್ತು.