ಮೈನಸ್ ಹದಿನಾರು ಅಡಿಯ ಕೋಣೆ

ಟೈಲ್ಸ್ ಹಾಕುವ ಮೇಸ್ತ್ರಿ ಆ ಖಾಲಿ ಕೋಣೆಯಲ್ಲಿ ಒಬ್ಬನೇ ಇದ್ದ. ಟೇಪಿನ ಇನ್ನೊಂದು ತುದಿ ಹಿಡಿಯುವವರಿಲ್ಲದೆ ಮೂಲೆಯಲ್ಲಿ ಮೊಳೆ ಹೊಡೆದು ಸಿಕ್ಕಿಸಿದ್ದ. ಅಗಲ ಹನ್ನೆರಡು ಅಡಿ, ಉದ್ದ ಹದಿನಾರು, ಮೂಲೆಯಿಂದ ಮೂಲೆಗೆ ಸರಿಯಾಗಿ ಇಪ್ಪತ್ತು. ಮೂಲೆ ಲಂಬಕೋನದಲ್ಲಿತ್ತು, ಕೆಲಸಕ್ಕೆ ಕೈ ಹಚ್ಚಬಹುದಿತ್ತು. ಹಚ್ಚಲಿಲ್ಲ.

ಹೆಂಡತಿ ಮಗಳನ್ನು ಕರೆದುಕೊಂಡು ಬೇರೆ ಊರಿಗೆ ಹೋಗಿ ನಾಲ್ಕು ವರ್ಷವಾಗಿತ್ತು. ಅಪ್ಪ ಮಗಳ ನಡುವೆ ಉಳಿದದ್ದು ಲೆಕ್ಕವೊಂದೇ. ತಲೆಗೆ ಹತ್ತದ ಲೆಕ್ಕವನ್ನು ಅವಳು ಪ್ರತಿ ಭಾನುವಾರ ಫೋನಿಗೆ ಕಳಿಸುತ್ತಿದ್ದಳು. ಅವನು ಟೈಲ್ಸಿನ ಬೆನ್ನ ಮೇಲೆ ಪೆನ್ಸಿಲಿನಲ್ಲಿ ಒಂದೊಂದೇ ಹೆಜ್ಜೆ ಬಿಡಿಸಿ, ಪಕ್ಕದಲ್ಲಿ ಕಾರಣ ಬರೆದು, ಫೋಟೋ ಕಳಿಸುತ್ತಿದ್ದ. ಆಮೇಲೆ ಆ ಟೈಲ್ಸ್ ಯಾರದೋ ಮನೆಯ ನೆಲ ಸೇರುತ್ತಿತ್ತು. ಕಾರಣವಿಲ್ಲದೆ ಒಂದು ಹೆಜ್ಜೆಯನ್ನೂ ಇಡಬೇಡ ಎಂದು ಅವಳ ತಲೆ ತಿಂದಿದ್ದ. ಅವಳು ಪರೀಕ್ಷೆ ಪಾಸಾದಳು. ಲೆಕ್ಕ ಬರುವುದು ನಿಂತಿತು. ಐದು ಭಾನುವಾರ ಕಳೆದವು. ಹೇಗಿದ್ದೀಯ ಎಂದು ಕೇಳಿದರೆ ಚೆನ್ನಾಗಿದ್ದೀನಿ ಎಂಬಲ್ಲಿಗೆ ಮಾತು ಮುಗಿಯುತ್ತಿತ್ತು.

ಅವನು ಒಂದು ಟೈಲ್ಸ್ ಮಗುಚಿ ತಾನೇ ಲೆಕ್ಕ ಕಟ್ಟಿದ. ಕೋಣೆಯ ಉದ್ದ ಅಗಲಕ್ಕಿಂತ ನಾಲ್ಕಡಿ ಹೆಚ್ಚು, ಕರ್ಣ ಇಪ್ಪತ್ತಡಿ. ಅಗಲ x ಆದರೆ, x ಎಷ್ಟು?

x² + (x + 4)² = 400: ಲಂಬಕೋನ ತ್ರಿಭುಜವಾದ್ದರಿಂದ.
2x² + 8x + 16 = 400: ಆವರಣ ಬಿಡಿಸಿದ್ದರಿಂದ.
x² + 4x − 192 = 0: 400 ಎಡಕ್ಕೆ ತಂದು ಎರಡರಿಂದ ಭಾಗಿಸಿದ್ದರಿಂದ.
(x − 12)(x + 16) = 0: ಅಪವರ್ತಿಸಿದ್ದರಿಂದ.

x ಹನ್ನೆರಡು, ಇಲ್ಲವೇ ಮೈನಸ್ ಹದಿನಾರು. ಅಗಲ ಸೊನ್ನೆಗಿಂತ ಕಡಿಮೆ ಇರಲಾರದು ಎಂದು ಎರಡನೆಯದನ್ನು ಹೊಡೆದುಹಾಕಬೇಕಿತ್ತು. ಪೆನ್ಸಿಲ್ ಅಲ್ಲೇ ನಿಂತಿತು. ಜೀವಮಾನದಲ್ಲಿ ಒಂದು ಗೆರೆಯನ್ನೂ ಸೊಟ್ಟಗೆ ಹಾಕದವನು ಬೇಕೆಂದೇ ಬರೆದ: ಅಗಲ ಮೈನಸ್ ಹದಿನಾರು ಅಡಿ. ಕಾರಣದ ಜಾಗ ಖಾಲಿ ಬಿಟ್ಟ. ಸರಿಯಿದೆಯಾ ನೋಡು ಎಂದು ಕಳಿಸಿದ.

ಸಂಜೆಯ ಹೊತ್ತಿಗೆ ಅರ್ಧ ನೆಲ ಮುಗಿದಿತ್ತು. ಆ ಒಂದು ಟೈಲ್ಸ್ ಮಾತ್ರ ಗೋಡೆಗೆ ಒರಗಿಕೊಂಡೇ ಇತ್ತು. ಕೈ ತೊಳೆಯುತ್ತಿದ್ದಾಗ ಫೋನ್ ಸದ್ದು ಮಾಡಿತು.

‘ಅಪ್ಪಾ, ಆ ಕೋಣೆಗೆ ಹೋಗೋದು ಹೇಗೆ? ಹಿಂದೆ ಹಿಂದೆ ನಡ್ಕೊಂಡಾ?’

ಅವನು ನಕ್ಕ. ಅಷ್ಟರಲ್ಲಿ ಇನ್ನೊಂದು ಬಂತು.

‘ಇದು ನೀನು ತಪ್ಪು ಮಾಡೋ ಲೆಕ್ಕ ಅಲ್ಲ. ಕಾರಣ ಯಾಕೆ ಬರೀಲಿಲ್ಲ?’

ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡು, ಟೈಲ್ಸನ್ನು ಮಡಿಲಿಗೆ ಎಳೆದುಕೊಂಡ. ಖಾಲಿ ಜಾಗದಲ್ಲಿ ಬರೆದ: ನೀನು ಮಾತಾಡಲಿ ಎಂದು.

ಫೋಟೋ ಹೋಯಿತು. ಅವಳು ಏನೋ ಬರೆಯುತ್ತಿದ್ದಾಳೆಂದು ಫೋನ್ ತೋರಿಸಿತು, ನಿಂತಿತು, ಮತ್ತೆ ತೋರಿಸಿತು. ಅರ್ಧ ನೆಲದ ಅಂಚಿನಲ್ಲಿ ಅವನು ಕಾಯುತ್ತ ಕುಳಿತ.