ಹನ್ನೆರಡು ಹತ್ತರಿಂದ ಜಾರಿ

ಭದ್ರಾವತಿಯ ನ್ಯೂ ಟೌನಿನಲ್ಲಿ ಮದುವೆಗೋ ಗೃಹಪ್ರವೇಶಕ್ಕೋ ಒಳ್ಳೆಯ ಗಳಿಗೆ ಬೇಕೆಂದರೆ ಜನ ಹೋಗುತ್ತಿದ್ದದ್ದು ಲಕ್ಷ್ಮೀಕಾಂತ ಮೇಷ್ಟ್ರ ಮನೆಗೆ. ಹೈಸ್ಕೂಲಿನಲ್ಲಿ ಸಂಸ್ಕೃತ ಪಾಠ, ಮನೆಯಲ್ಲಿ ಪಂಚಾಂಗ. ಬಂದವರು ದಿನ ಬರೆಸಿಕೊಂಡು ಎದ್ದು ಹೋದರೆ ಮುಗಿಯಿತು, ಆಮೇಲೆ ಆ ಮನೆಯಲ್ಲಿ ಮಾತೆಂಬುದೇ ಇಲ್ಲ. ಹೆಂಡತಿ ಶಾಮಲಾ ತೀರಿಕೊಂಡು ಎಂಟು ತಿಂಗಳಾಗಿತ್ತು. ಮಕ್ಕಳಿರಲಿಲ್ಲ. ತನ್ನೊಬ್ಬನಿಗೆ ಅಂತ ಅಡುಗೆ ಮಾಡುವುದೇ ಒಂದು ಶಿಕ್ಷೆ, ಅದನ್ನು ಗೋಡೆ ನೋಡಿಕೊಂಡು ಉಣ್ಣುವುದು ಇನ್ನೂ ದೊಡ್ಡ ಶಿಕ್ಷೆ. ಅನುಭವಿಸಿದವರಿಗೇ ಗೊತ್ತು ಬಿಡಿ.

ತೊಂಬತ್ತೊಂಬತ್ತನೇ ಇಸವಿಯಲ್ಲಿ ಅವರ ಅಕ್ಕ ಜಲಜಮ್ಮ ಬಿದ್ದು ಸೊಂಟ ಮುರಿದುಕೊಂಡರು. ವಿಧವೆ, ಶಿವಮೊಗ್ಗದ ವಿನೋಬನಗರದಲ್ಲಿ ಒಬ್ಬರೇ ಇದ್ದವರು. ಅಲ್ಲಿನ ಆಸ್ಪತ್ರೆಯಲ್ಲಿ ಮೇಷ್ಟ್ರು, "ಇನ್ನು ನಮ್ಮನೇಲೇ ಇರು ಅಕ್ಕಯ್ಯ" ಅಂದರು.

"ವಾರವಾರ ಡಾಕ್ಟರ ಹತ್ರ ಬರ್ಬೇಕಂತೆ ಕಾಂತು. ಈ ಸೊಂಟ ಇಟ್ಕೊಂಡು ಬಸ್ ಹತ್ತಲಾ? ಆಯನೂರಲ್ಲಿ ಮೈದುನನ ಮನೇಲಿ ಜೀಪಿದೆ. ಅಲ್ಲಿಗೆ ಹೋಗ್ತೀನಿ."

ಮೇಷ್ಟ್ರು ಹಿಂದೆಮುಂದೆ ನೋಡಲಿಲ್ಲ, ಒಂದು ಹಳೇ ಮಾರುತಿ ಕಾರು ಕೊಂಡೇಬಿಟ್ಟರು. ಲೈಸೆನ್ಸ್ ಮೊದಲೇ ಇತ್ತು. ಮಾರಿದವನು ಕಾರನ್ನು ಮನೆ ಮುಂದೆ ತಂದು ನಿಲ್ಲಿಸಿ ಹೋದ. ಅದರ ಇನ್ಶೂರೆನ್ಸ್ ಮುಗಿದುಹೋಗಿತ್ತು. ಸೋಮವಾರ ಹೊಸದಕ್ಕೆ ದುಡ್ಡು ಕಟ್ಟಿ, ಪಾಲಿಸಿ ಕೈಗೆ ಬರುವ ತನಕ ಕೊಡುವ ಕವರ್ ನೋಟ್ ತಂದರು. ಅಕ್ಕನೂ ಒಪ್ಪಿದರು. ಗುರುವಾರ ಡಿಸ್ಚಾರ್ಜ್.

ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ ಪಕ್ಕದ ಮನೆಯ ಭವಾನಿಯವರಲ್ಲಿಗೆ ಆಸ್ಪತ್ರೆಯಿಂದ ಫೋನ್ ಬಂತು. ಜಲಜಮ್ಮನನ್ನು ಇವತ್ತೇ ಬಿಡುತ್ತಾರಂತೆ. ಮೂರು ಗಂಟೆಯೊಳಗೆ ತಮ್ಮನ ಕಾರು ಬಾರದಿದ್ದರೆ ಆಯನೂರಿನ ಜೀಪು ಬರುತ್ತದಂತೆ. ಭವಾನಿ ಇನ್ಶೂರೆನ್ಸ್ ಆಫೀಸಿನಲ್ಲಿ ಕೆಲಸಕ್ಕಿದ್ದವರು, ಹೊರಡುವ ಆತುರದಲ್ಲೇ ಸುದ್ದಿ ಮುಟ್ಟಿಸಿದರು. ಮೇಷ್ಟ್ರು ಆಗಲೇ ಕಾರಿನ ಕೀ ಹಿಡಿದುಕೊಂಡು ಚಪ್ಪಲಿ ಹುಡುಕುತ್ತಿದ್ದರು.

"ಕವರ್ ನೋಟ್ ತೋರ್ಸಿ ಮೇಷ್ಟ್ರೇ." ಓದಿದವರೇ ಭವಾನಿ ಹಣೆ ಗಟ್ಟಿಸಿಕೊಂಡರು. "ಅಯ್ಯೋ ದೇವರೇ! ಇದು ಗುರುವಾರದಿಂದ ಶುರು ಅಂತಿದೆಯಲ್ಲ?"

"ನಾನೇ ಹಾಗೆ ಬರೆಸಿದ್ದು. ಇವತ್ತು ಅಮಾವಾಸ್ಯೆ ನೋಡಿ. ಹೊಸ ಕಾಗದ ಅಮಾವಾಸ್ಯೆ ದಾಟಿದ ಮೇಲೇ ಶುರುವಾಗ್ಲಿ ಅಂತ."

"ಹಾಗಾದ್ರೆ ಈಗ ಕಾರು ತೆಗೀಬೇಡಿ. ಇವತ್ತು ಇದಕ್ಕೆ ಇನ್ಶೂರೆನ್ಸೇ ಇಲ್ಲ."

"ಅಲ್ಲ ಮಾರಾಯ್ತಿ, ಸೋಮವಾರವೇ ದುಡ್ಡು ಕಟ್ಟಿದ್ದೀನಿ! ರಸೀದಿ ಇದೆ!"

"ದುಡ್ಡು ಕಟ್ಟಿದ ದಿನ ಬೇರೆ, ರಕ್ಷಣೆ ಶುರುವಾಗೋ ದಿನ ಬೇರೆ. ಕಾಗದದಲ್ಲಿ ಯಾವ ತಾರೀಕು, ಎಷ್ಟು ಗಂಟೆ ಅಂತಿದೆಯೋ ಆವಾಗಿಂದಷ್ಟೇ ಲೆಕ್ಕ. ಅದಕ್ಕೆ ಒಂದು ನಿಮಿಷ ಮುಂಚೆ ಏನಾದ್ರೂ ಆದ್ರೆ ಕಂಪನಿ ಏನೂ ಕೊಡಲ್ಲ."

"ಇಲ್ಲೇ ಶಿವಮೊಗ್ಗಕ್ಕೆ ಹೋಗಿಬರೋದಪ್ಪ. ಅಷ್ಟರಲ್ಲಿ ಏನಾಗುತ್ತೆ?"

"ಹೋದ ವರ್ಷ ಹುಲಿಯಪ್ಪ ಅಂತ ಕೂಲಿಯವನಿಗೆ ಒಂದು ಕಾರು ಗುದ್ದಿತು. ಬೆಳಿಗ್ಗೆ ಗುದ್ದಿದ್ದು, ಇನ್ಶೂರೆನ್ಸ್ ಶುರುವಾಗಿದ್ದು ಮಧ್ಯಾಹ್ನ. ಅವನು ಕಾಲು ಕಳ್ಕೊಂಡ, ಕಂಪನಿಯಿಂದ ಬಿಡಿಗಾಸು ಬರ್ಲಿಲ್ಲ. ಕಾರಿನವರು ಇವತ್ತಿಗೂ ಕೋರ್ಟ್ ಅಲೀತಿದ್ದಾರೆ. ಬಾಡಿಗೆ ಕಾರು ಮಾಡ್ಕೊಂಡು ಹೋಗಿ ಮೇಷ್ಟ್ರೇ."

"ಬಾಡಿಗೆ ಕಾರು ನೋಡಿದ್ರೆ ಅಕ್ಕಯ್ಯ ಬರಲ್ಲ. ನಾನು ಕಾರು ಕೊಂಡಿದ್ದೇ ಸುಳ್ಳು ಅಂದ್ಕೊಳ್ತಾಳೆ." ಅಕ್ಕ ಆಯನೂರಿಗೆ ಹೋದರೆ ಮತ್ತೆ ಬರುವುದು ಸುಳ್ಳು. ಮತ್ತೆ ಅದೇ ಮನೆ, ಅದೇ ಮೌನ. ಅದನ್ನು ನೆನೆದರೆ ಅವರಿಗೆ ನಿಜವಾಗಿಯೂ ಭಯವಾಗುತ್ತಿತ್ತು.

ಭವಾನಿ ಕವರ್ ನೋಟನ್ನು ಇನ್ನೊಮ್ಮೆ ಓದಿದರು. "ಒಂದು ದಾರಿ ಇದೆ. ಇದು ಇನ್ನೂ ಶುರುವಾಗಿಲ್ಲವಲ್ಲ, ರದ್ದು ಮಾಡ್ಸಿ ಇವತ್ತಿಂದಲೇ ಬೇರೆ ಬರೆಸೋಣ. ಬನ್ನಿ, ಆಟೋದಲ್ಲಿ ಹೋಗೋಣ. ಆಫೀಸಿಗೂ ಕಾರಲ್ಲಿ ಬೇಡ."

"ಅಮಾವಾಸ್ಯೆ ದಿನ ಬರೆಸೋದಾ?"

"ಅಮಾವಾಸ್ಯೆ ದಿನ ಕಾರು ಓಡಿಸೋಕೆ ಹೊರಟಿದ್ರಲ್ಲ ಸ್ವಾಮಿ! ಚಕ್ರಕ್ಕಿಲ್ಲದ ಅಮಾವಾಸ್ಯೆ ಕಾಗದಕ್ಕೆ ಮಾತ್ರನಾ?"

ಮೇಷ್ಟ್ರು ಕೀ ಜೇಬಿಗೆ ಹಾಕಿಕೊಂಡರು. ಆಟೋ ಹತ್ತಿದರು.

ಕವರ್ ನೋಟ್ ಬರೆಯಬೇಕಾದ ಅಧಿಕಾರಿ ಗಂಗಾಧರಪ್ಪ ಹೊರಗೆಲ್ಲೋ ಹೋಗಿದ್ದರು. ಹತ್ತೂವರೆಯಾಯಿತು, ಹನ್ನೊಂದೂವರೆಯಾಯಿತು. ಕೊನೆಗೂ ಬಂದರು, ಮೇಷ್ಟ್ರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಅವರ ಮನೆಗೇ ಹೋಗಿ ಕಾರನ್ನು ಸುತ್ತ ನೋಡಿದರು, ಕವರ್ ನೋಟ್ ಪುಸ್ತಕ ತೆಗೆದು ಗಡಿಯಾರದತ್ತ ಕಣ್ಣು ಹಾಯಿಸಿದರು.

"ಈಗ ಹನ್ನೆರಡು ಹತ್ತು. ಇದೇ ಟೈಮ್ ಬರೀಲಾ?"

ಬುಧವಾರ ಹನ್ನೆರಡರಿಂದ ಒಂದೂವರೆ ರಾಹುಕಾಲ! ಅಮಾವಾಸ್ಯೆ ಸಾಲದು ಅಂತ ಇದೊಂದು ಬೇರೆ. ಒಂದೂವರೆಗೆ ಬನ್ನಿ ಅನ್ನೋಣವೆಂದರೆ ಗಂಗಾಧರಪ್ಪನವರಿಗೆ ಬೇರೆ ಊರಿನ ಕೆಲಸವಿತ್ತು. ಮೇಷ್ಟ್ರು ತೆರೆದ ಬಾಗಿಲಿನಿಂದ ಒಮ್ಮೆ ಖಾಲಿ ನಡುಮನೆ ನೋಡಿದರು.

"ಬರೀರಿ" ಅಂದರು.

ಒಂದೂವರೆಯ ಹೊತ್ತಿಗೆ ಕಾರು ಆಸ್ಪತ್ರೆ ತಲುಪಿದಾಗ ಜಲಜಮ್ಮ ಬೆಂಚಿನ ಮೇಲೆ ಕೂತಿದ್ದರು, ಪಕ್ಕದಲ್ಲಿ ಒಂದು ಬಟ್ಟೆಚೀಲ. ಯಾರ ಮನೆಗೆ ಹೋಗುತ್ತೇನೋ ಎಂದು ತಿಳಿಯದೆ ಕೂತವರ ಮುಖ ಹೇಗಿರುತ್ತದೋ ಹಾಗಿತ್ತು ಅವರ ಮುಖ. ತಡವಾದದ್ದೇಕೆಂದು ಮೇಷ್ಟ್ರು ಎಲ್ಲವನ್ನೂ ಹೇಳಿದರು.

"ರಾಹುಕಾಲದಲ್ಲಿ ಬರೆಸಿದ್ಯಾ? ಊರಿಗೆಲ್ಲ ಮುಹೂರ್ತ ಇಡೋ ನೀನು?"

"ಹೂಂ ಅಕ್ಕಯ್ಯ. ದಾರೀಲಿ ಯಾರಿಗಾದ್ರೂ ಪೆಟ್ಟಾದ್ರೆ ಅವರ ಗತಿ ಏನು, ನಮ್ಮ ಗತಿ ಏನು? ಬರೆಸದೆ ಹೊರಡೋ ಹಾಗಿರ್ಲಿಲ್ಲ. ಹೊರಡದೆ ಇರೋ ಹಾಗೂ ಇರ್ಲಿಲ್ಲ. ಎಂಟು ತಿಂಗಳಾಯ್ತು, ಮನೇಲಿ ನನ್ನನ್ನ ಊಟ ಆಯ್ತಾ ಅಂತ ಕೇಳೋರಿಲ್ಲ. ಅದಕ್ಕಿಂತ ಕೆಟ್ಟ ಕಾಲ ಯಾವ ಪಂಚಾಂಗದಲ್ಲೂ ಇಲ್ಲ."

ಜಲಜಮ್ಮ ಬಟ್ಟೆಚೀಲ ಎತ್ತಿ ತಮ್ಮನ ಕೈಗಿಟ್ಟರು.

"ಆಯನೂರಿಗೆ ಫೋನ್ ಮಾಡಿ ಜೀಪು ಬೇಡ ಅಂತ ಹೇಳು. ಮಧ್ಯಾಹ್ನ ಊಟ ಮಾಡಿದ್ಯೇನೋ ನೀನು?"

ಓದುವ ಅಣ್ಣಂದಿರೇ, ಅಕ್ಕಂದಿರೇ, ಗಾಡಿಗೆ ದುಡ್ಡು ಕಟ್ಟಿದ ಕೂಡಲೇ ರಕ್ಷಣೆ ಸಿಕ್ಕಿತೆಂದು ಕೀ ತಿರುಗಿಸಬೇಡಿ. ಚೆಕ್ ಕೊಟ್ಟಿದ್ದರೆ ಅದು ಪಾಸಾಗಬೇಕು. ಏಜೆಂಟರ ಕೈಗೆ ಕೊಟ್ಟಿದ್ದರೆ ಅದು ಕಂಪನಿಗೆ ಮುಟ್ಟಿತೇ ಎಂದು ಕೇಳಿ, ರಸೀದಿ ಪಡೆಯಿರಿ. ಎಲ್ಲಕ್ಕಿಂತ ಮುಖ್ಯವಾಗಿ, ಯಾವ ತಾರೀಕಿನಿಂದ, ಎಷ್ಟು ಗಂಟೆಯಿಂದ ಎಂಬ ಸಾಲನ್ನು ನೀವೇ ಕಣ್ಣಾರೆ ಓದಿ. ಓದಲು ಬಾರದಿದ್ದರೆ ಓದಿಸಿ ಕೇಳಿ. ಆ ಗಂಟೆ ಆಗುವ ತನಕ ಗಾಡಿ ಮನೆ ಮುಂದೆಯೇ ನಿಂತಿರಲಿ. ನಿಮಗಾಗಿ ಕಾದು ಕೂತವರು ಇನ್ನೊಂದು ಗಂಟೆ ಕಾಯುತ್ತಾರೆ.